ಫಾದರ್ ಮರ್ಸೆನ್ ಮತ್ತು ಇಪ್ಪತ್ತೊಂದು ಅಂಕಿಗಳ ಸಂಖ್ಯೆ

ಈ ಸಂಖ್ಯೆಯನ್ನು ಒಮ್ಮೆ ನಿಧಾನವಾಗಿ ನೋಡಿ: 14,75,73,95,25,89,67,64,12,927. ಒಟ್ಟು ಇಪ್ಪತ್ತೊಂದು ಅಂಕಿಗಳು. ಇದನ್ನು ಬಾಯಿಬಿಟ್ಟು ಓದಲು ನಮ್ಮ ಲಕ್ಷ, ಕೋಟಿಗಳು ಸಾಲುವುದಿಲ್ಲ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿ. ಒಂದರಿಂದ ಮತ್ತು ಇದೇ ಸಂಖ್ಯೆಯಿಂದ ಭಾಗಿಸುವುದನ್ನು ಬಿಟ್ಟರೆ, ಬೇರೆ ಯಾವ ಸಂಖ್ಯೆಯಿಂದಲಾದರೂ ಇದನ್ನು ಶೇಷ ಉಳಿಯದಂತೆ ಭಾಗಿಸಬಹುದೇ? ಹಾಗೆ ಭಾಗಿಸಲಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಎಂದು ಹೆಸರು. 2, 3, 5, 7, 11 ಇವೆಲ್ಲ ಅವಿಭಾಜ್ಯ ಸಂಖ್ಯೆಗಳು.

ಈ ದೊಡ್ಡ ಸಂಖ್ಯೆಯೂ ಅವಿಭಾಜ್ಯವೇ ಎಂದು 1644ರಲ್ಲಿ ಪ್ಯಾರಿಸ್ ನಗರದ ಒಬ್ಬ ಸನ್ಯಾಸಿ ಗುರು ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅವರು ಹೇಳಿದ್ದು ತಪ್ಪಾಗಿತ್ತು. ಅದು ತಪ್ಪೆಂದು ಲೋಕಕ್ಕೆ ಗೊತ್ತಾಗಲು 232 ವರ್ಷ ಹಿಡಿಯಿತು. ಅದನ್ನು ಭಾಗಿಸುವ ಸಂಖ್ಯೆ ಯಾವುದೆಂದು ತಿಳಿಯಲು ಮತ್ತೆ 27 ವರ್ಷ ಬೇಕಾಯಿತು. ಆದರೂ ಈ ಜಾತಿಯ ಸಂಖ್ಯೆಗಳನ್ನು ಪ್ರಪಂಚದ ಎಲ್ಲ ದೇಶಗಳ ಗಣಿತಜ್ಞರು ಇಂದಿಗೂ ಆ ಗುರುಗಳ ಹೆಸರಿನಿಂದಲೇ ಕರೆಯುತ್ತಾರೆ. ತಪ್ಪು ಬರೆದವರ ಹೆಸರನ್ನು ಲೋಕ ಇಷ್ಟು ಗೌರವದಿಂದ ಉಳಿಸಿಕೊಂಡಿರುವುದೇಕೆ? ಅದನ್ನು ತಿಳಿಯಲು ನೀವು ಅವರ ಬಾಳನ್ನು ತಿಳಿಯಬೇಕು. ಅವರೇ ಫಾದರ್ ಮಾರಿನ್ ಮರ್ಸೆನ್.

ಬಡ ರೈತನ ಮಗ

ಮರ್ಸೆನ್ ಹುಟ್ಟಿದ್ದು 1588ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮೋತ್ಸವದ ದಿನ. ಊರು ಫ್ರಾನ್ಸ್ ದೇಶದ ಮೇನ್ ಪ್ರಾಂತ್ಯದ ಒಂದು ಸಣ್ಣ ಹಳ್ಳಿ. ತಂದೆತಾಯಿ ಹೊಲದಲ್ಲಿ ದುಡಿದು ಬದುಕುವ ಜನ. ಹುಟ್ಟಿದ ದಿನವೇ ಮಗುವಿಗೆ ಜ್ಞಾನಸ್ನಾನವಾಯಿತು.

ಬಡತನವಿದ್ದರೂ ಮಗನ ಓದನ್ನು ಹೆತ್ತವರು ನಿಲ್ಲಿಸಲಿಲ್ಲ. ಹುಡುಗ ಮೊದಲು ಲ ಮಾನ್ ಪಟ್ಟಣದಲ್ಲಿ ಓದಿದ. ಆಮೇಲೆ ಯೇಸು ಸಭೆಯ ಗುರುಗಳು ಲಾ ಫ್ಲೆಶ್ ಎಂಬಲ್ಲಿ ಹೊಸದಾಗಿ ತೆರೆದಿದ್ದ ಕಾಲೇಜಿಗೆ ಸೇರಿ 1609ರವರೆಗೆ ಕಲಿತ. ಮುಂದೆ ಜಗತ್ಪ್ರಸಿದ್ಧ ತತ್ವಜ್ಞಾನಿಯಾದ ಡೆಕಾರ್ಟ್ ಕೂಡ ಅದೇ ಕಾಲೇಜಿನ ವಿದ್ಯಾರ್ಥಿ. ಮರ್ಸೆನ್‌ಗಿಂತ ಸುಮಾರು ಎಂಟು ವರ್ಷ ಚಿಕ್ಕವನು. ಅವರಿಬ್ಬರ ಆಪ್ತ ಸ್ನೇಹ ಬೆಳೆದದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ, ಪ್ಯಾರಿಸಿನಲ್ಲಿ.

ಸೊರ್ಬೋನ್‌ನಲ್ಲಿ ಎರಡು ವರ್ಷ ದೈವಶಾಸ್ತ್ರ ಓದಿದ ಮರ್ಸೆನ್ 1611ರಲ್ಲಿ ಮಿನಿಮ್ ಸಭೆಯನ್ನು ಸೇರಿದರು. ಮರುವರ್ಷ ಅವರಿಗೆ ಗುರುದೀಕ್ಷೆಯಾಯಿತು. ಮಿನಿಮ್ ಸಭೆಯ ಸ್ಥಾಪಕರು ಇಟಲಿಯ ಪಾವೊಲಾ ಊರಿನ ಸಂತ ಫ್ರಾನ್ಸಿಸ್. ಮಿನಿಮ್ ಎಂದರೆ ಎಲ್ಲರಿಗಿಂತ ಕಿರಿಯರು ಎಂದು ಅರ್ಥ. ಈ ಸಭೆಯವರಿಗೆ ವರ್ಷದ ಎಲ್ಲ ದಿನವೂ ತಪಸ್ಸುಕಾಲವೇ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಬೆಣ್ಣೆಯೂ ಇಲ್ಲ. ಇಂಥ ಕಠಿಣ ನಿಯಮವನ್ನು ತಾವಾಗಿಯೇ ಆರಿಸಿಕೊಂಡ ಮರ್ಸೆನ್, ನೆವೇರ್ ಊರಿನ ಮಠದಲ್ಲಿ ಕೆಲವು ವರ್ಷ ತತ್ವಶಾಸ್ತ್ರ ಕಲಿಸಿ, 1619ರಲ್ಲಿ ಪ್ಯಾರಿಸಿನ ತಮ್ಮ ಸಭೆಯ ಮಠಕ್ಕೆ ಬಂದರು. ಕೆಲವು ಪ್ರಯಾಣಗಳನ್ನು ಬಿಟ್ಟರೆ ಕೊನೆಯುಸಿರಿನವರೆಗೂ ಅದೇ ಅವರ ಮನೆ.

ಖಂಡಿಸುವ ಲೇಖನಿ ಸ್ನೇಹದ ಲೇಖನಿಯಾಯಿತು

ಓದುಗರೇ, ಮರ್ಸೆನ್ ಹುಟ್ಟಿನಿಂದಲೇ ತಾಳ್ಮೆಯ ಮೂರ್ತಿಯಾಗಿದ್ದರು ಎಂದು ತಿಳಿಯಬೇಡಿ. 1623ರಲ್ಲಿ ಅವರು ಬೈಬಲಿನ ಆದಿಕಾಂಡದ ಮೇಲೆ ಬಲು ದೊಡ್ಡ ಗ್ರಂಥವೊಂದನ್ನು ಹೊರತಂದರು. ಅದರಲ್ಲಿ ನಾಸ್ತಿಕರನ್ನೂ ಮಾಟಮಂತ್ರದವರನ್ನೂ ಕಟುವಾಗಿ ಖಂಡಿಸಿದರು. ಪ್ಯಾರಿಸ್ ನಗರವೊಂದರಲ್ಲೇ ಐವತ್ತು ಸಾವಿರ ನಾಸ್ತಿಕರಿದ್ದಾರೆ ಎಂದೂ ಬರೆದುಬಿಟ್ಟರು. ಅವರನ್ನು ಎಣಿಸಿದವರು ಯಾರು? ಯಾರೂ ಇಲ್ಲ. ಆ ಹಾಳೆಗಳನ್ನು ಹೆಚ್ಚಿನ ಪ್ರತಿಗಳಿಂದ ತೆಗೆದುಹಾಕಬೇಕಾಯಿತು.

ಅಲ್ಲಿಂದ ಮುಂದೆ ಅವರ ದಾರಿ ನಿಧಾನವಾಗಿ ಬದಲಾಯಿತು. ಆ ಕಾಲದಲ್ಲಿ, ಮನುಷ್ಯನಿಗೆ ಯಾವುದನ್ನೂ ಖಚಿತವಾಗಿ ತಿಳಿಯಲು ಸಾಧ್ಯವಿಲ್ಲ ಎಂದು ವಾದಿಸುವ ಸಂದೇಹವಾದಿಗಳು ಬಹಳ ಮಂದಿ ಇದ್ದರು. ಅವರಿಗೆ ಉತ್ತರವಾಗಿ 1625ರಲ್ಲಿ ಮರ್ಸೆನ್ ಇನ್ನೊಂದು ಗ್ರಂಥ ಬರೆದರು. ವಸ್ತುಗಳ ಒಳಗುಟ್ಟೆಲ್ಲ ನಮಗೆ ತಿಳಿಯದೆ ಇರಬಹುದು; ಆದರೂ ಎಣಿಸಿ, ಅಳೆದು, ಲೆಕ್ಕ ಹಾಕಿ ತಿಳಿದುಕೊಳ್ಳಬಹುದಾದ ಸತ್ಯಗಳು ಇವೆ, ನಮ್ಮ ಬದುಕಿಗೆ ಅವು ಸಾಕು ಎಂಬುದು ಅವರ ವಾದದ ತಿರುಳು. ಗಣಿತವನ್ನು ಅವರು ಅಷ್ಟು ಪ್ರೀತಿಸಿದ್ದು ಇದಕ್ಕಾಗಿಯೇ. ಲೆಕ್ಕದಲ್ಲಿ ಗಟ್ಟಿ ಧ್ವನಿಯವನು ಗೆಲ್ಲುವುದಿಲ್ಲ, ಸರಿಯಾದವನು ಗೆಲ್ಲುತ್ತಾನೆ.

ಸಂಗೀತಕ್ಕೂ ಅವರು ಈ ಲೆಕ್ಕವನ್ನು ತಂದರು. 1636ರಲ್ಲಿ ಹೊರಬರತೊಡಗಿದ ಅವರ ಸಂಗೀತ ಗ್ರಂಥದಲ್ಲಿ ತಂತಿಯ ಉದ್ದ, ಬಿಗಿ, ದಪ್ಪಗಳಿಗೆ ತಕ್ಕಂತೆ ಸ್ವರ ಹೇಗೆ ಏರಿಳಿಯುತ್ತದೆ ಎಂಬ ನಿಯಮಗಳಿವೆ. ಆರು ಸ್ವರಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? 720 ಬಗೆಯಲ್ಲಿ. ಮರ್ಸೆನ್ ಆ ಸಂಖ್ಯೆಯನ್ನು ಹೇಳಿ ಸುಮ್ಮನಾಗದೆ, 720 ಜೋಡಣೆಗಳನ್ನೂ ಬರೆದು ತೋರಿಸಿದರು.

1633ರಲ್ಲಿ ರೋಮಿನಲ್ಲಿ ಗೆಲಿಲಿಯೊಗೆ ಶಿಕ್ಷೆಯಾದದ್ದು ನಿಮಗೆ ಗೊತ್ತೇ ಇದೆ. ಅದರ ಮರುವರ್ಷವೇ ಮರ್ಸೆನ್ ಯಂತ್ರಗಳ ಬಗ್ಗೆ ಗೆಲಿಲಿಯೊ ಬರೆದಿದ್ದನ್ನು ಫ್ರೆಂಚ್ ಭಾಷೆಗೆ ತಂದು ಅಚ್ಚು ಹಾಕಿಸಿದರು. ಅವರು ಧರ್ಮಸಭೆಯನ್ನು ಬಿಟ್ಟವರಲ್ಲ, ತಮ್ಮ ವ್ರತಗಳನ್ನು ಮುರಿದವರೂ ಅಲ್ಲ. ಆದರೆ ಲೋಕದ ವಿಷಯದಲ್ಲಿ ಕಣ್ಣಾರೆ ಕಂಡು ಅಳೆದು ನೋಡಿದ್ದನ್ನು ಮುಚ್ಚಿಡುವುದು ದೇವರ ಸೇವೆ ಎಂದು ಅವರಿಗೆ ಅನ್ನಿಸಲಿಲ್ಲ.

ಅಂಚೆಯ ಸನ್ಯಾಸಿ

ವಿಜ್ಞಾನದ ಪತ್ರಿಕೆಗಳೇ ಇಲ್ಲದ ಕಾಲ ಅದು. ಒಬ್ಬ ಪಂಡಿತ ಕಂಡುಹಿಡಿದದ್ದು ಪಕ್ಕದ ಊರಿನ ಪಂಡಿತನಿಗೂ ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ಮರ್ಸೆನ್ ತಮ್ಮ ಲೇಖನಿಯಿಂದ ತುಂಬಿದರು. ತುಲೂಸಿನಲ್ಲಿ ನ್ಯಾಯಾಲಯದ ಕೆಲಸದಲ್ಲಿದ್ದ ಫರ್ಮಾ, ಹಾಲೆಂಡಿನಲ್ಲಿ ಮರೆಯಾಗಿ ಬಾಳುತ್ತಿದ್ದ ಡೆಕಾರ್ಟ್, ಇಟಲಿಯ ಟಾರಿಸೆಲ್ಲಿ, ಇಂಗ್ಲೆಂಡಿನ ಹಾಬ್ಸ್, ಹಾಲೆಂಡಿನ ಹೈಗನ್ಸ್ ಕುಟುಂಬ, ಹೀಗೆ ಎಲ್ಲರಿಗೂ ಪತ್ರ. ಒಬ್ಬರ ಪ್ರಶ್ನೆ ಇನ್ನೊಬ್ಬರಿಗೆ, ಅವರ ಉತ್ತರ ಮತ್ತೊಬ್ಬರಿಗೆ. ಇವರಲ್ಲಿ ಕಥೋಲಿಕರಿದ್ದರು, ಪ್ರೊಟೆಸ್ಟೆಂಟರಿದ್ದರು, ದೇವರ ವಿಷಯದಲ್ಲಿ ಮರ್ಸೆನ್ ಒಪ್ಪಲಾಗದಂಥ ಮಾತಾಡಿದವರೂ ಇದ್ದರು. ಹನ್ನೆರಡು ವರ್ಷ ಹಿಂದೆ ನಾಸ್ತಿಕರನ್ನು ಸಾವಿರಗಟ್ಟಲೆ ಎಣಿಸಿದ ಕೈಯೇ ಈಗ ಎಲ್ಲರಿಗೂ ಗೆಳೆತನದ ಪತ್ರ ಬರೆಯುತ್ತಿತ್ತು.

1635ರಿಂದ ಪ್ಯಾರಿಸಿನ ಗಣಿತಜ್ಞರು ಅವರ ಸುತ್ತ ನಿಯತವಾಗಿ ಸೇರತೊಡಗಿದರು. ಆ ಸಭೆಗೆ ತಂದೆಯ ಜೊತೆ ಬರುತ್ತಿದ್ದ ಒಬ್ಬ ಹುಡುಗನೇ ಬ್ಲೇಸ್ ಪಾಸ್ಕಲ್. ಆಗ ಅವನಿಗೆ ಹದಿನಾಲ್ಕರ ಆಸುಪಾಸು. ಹಿರಿಯ ಪಂಡಿತರ ನಡುವೆ ಹುಡುಗನಿಗೂ ಜಾಗವಿತ್ತು. ಡೆಕಾರ್ಟ್ ತನ್ನ ಹೆಸರಾಂತ ತತ್ವಗ್ರಂಥವನ್ನು 1641ರಲ್ಲಿ ಪ್ರಕಟಿಸುವ ಮುನ್ನ, ಅದಕ್ಕೆ ಬೇರೆ ಬೇರೆ ಪಂಡಿತರಿಂದ ಆಕ್ಷೇಪಣೆಗಳನ್ನು ಸಂಗ್ರಹಿಸಿ ಕೊಟ್ಟವರು ಮರ್ಸೆನ್ ಅವರೇ. ಗೆಳೆಯನ ಗ್ರಂಥಕ್ಕೆ ಹೊಗಳಿಕೆ ಸಂಗ್ರಹಿಸುವವರು ಬಹಳ ಮಂದಿ. ಆಕ್ಷೇಪಣೆ ಸಂಗ್ರಹಿಸಿ ಕೊಡುವ ಗೆಳೆಯ ಅಪರೂಪ.

ಈ ಪತ್ರಗಳಿಂದ ಜಗಳಗಳೂ ಹುಟ್ಟಿದವು. ಒಬ್ಬರು ನಂಬಿಕೆಯಿಂದ ಬರೆದದ್ದನ್ನು ಮರ್ಸೆನ್ ಇನ್ನೊಬ್ಬರಿಗೆ ತೋರಿಸಿಬಿಡುತ್ತಿದ್ದರು. ಫರ್ಮಾ ಮತ್ತು ಡೆಕಾರ್ಟ್ ನಡುವೆ ದೊಡ್ಡ ಮನಸ್ತಾಪವೇ ಬಂತು. ಆದರೂ ಇಬ್ಬರೂ ಮರ್ಸೆನ್‌ಗೆ ಬರೆಯುವುದನ್ನು ನಿಲ್ಲಿಸಲಿಲ್ಲ. ಅವರು ಯಾರ ಕೀರ್ತಿಯನ್ನೂ ಕದಿಯುವವರಲ್ಲ ಎಂಬ ನಂಬಿಕೆ ಎಲ್ಲರಿಗೂ ಇತ್ತು.

ಇಮ್ಮಡಿಯ ಆಟ

ಈಗ ನಮ್ಮ ದೊಡ್ಡ ಸಂಖ್ಯೆಗೆ ಬರೋಣ. ಕಾಗದ, ಪೆನ್ಸಿಲು ಹಿಡಿದು ಕುಳಿತರೆ ಒಳ್ಳೆಯದು.

6 ಎಂಬ ಸಂಖ್ಯೆಯನ್ನು 1, 2, 3 ಭಾಗಿಸುತ್ತವೆ. ಇವುಗಳನ್ನು ಕೂಡಿಸಿದರೆ ಮತ್ತೆ 6. ಹಾಗೆಯೇ 28ನ್ನು ಭಾಗಿಸುವ 1, 2, 4, 7, 14ನ್ನು ಕೂಡಿಸಿದರೆ 28. ಇಂಥವನ್ನು ಪರಿಪೂರ್ಣ ಸಂಖ್ಯೆಗಳು ಎನ್ನುತ್ತಾರೆ. ಸಂತ ಅಗಸ್ಟೀನರು ಸೃಷ್ಟಿಯ ಆರು ದಿನಗಳ ಬಗ್ಗೆ ಬರೆಯುವಾಗ 6ರ ಈ ಗುಣವನ್ನು ನೆನೆದಿದ್ದಾರೆ.

ಪರಿಪೂರ್ಣ ಸಂಖ್ಯೆ ಪಡೆಯುವ ದಾರಿಯನ್ನು ಗ್ರೀಕರ ಯೂಕ್ಲಿಡ್ ಬಹಳ ಹಿಂದೆಯೇ ತೋರಿಸಿದ್ದ. 1ರಿಂದ ಆರಂಭಿಸಿ ಇಮ್ಮಡಿಸುತ್ತಾ ಕೂಡಿಸಿ. 1+2 ಅಂದರೆ 3, ಇದು ಅವಿಭಾಜ್ಯ. ಕೊನೆಗೆ ಕೂಡಿಸಿದ 2ರಿಂದ ಗುಣಿಸಿದರೆ 6. ಮುಂದೆ 1+2+4 ಅಂದರೆ 7, ಇದೂ ಅವಿಭಾಜ್ಯ. 4ರಿಂದ ಗುಣಿಸಿದರೆ 28. ಮೊತ್ತ ಅವಿಭಾಜ್ಯವಾದಾಗಲೆಲ್ಲ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಹಾಗಾದರೆ ಮೊತ್ತ ಯಾವಾಗ ಅವಿಭಾಜ್ಯ? ಅಲ್ಲೇ ಇರುವುದು ಕಷ್ಟ. ಕೂಡಿಸಿದ ಸಂಖ್ಯೆಗಳು ನಾಲ್ಕಾದರೆ ಮೊತ್ತ 15, ಅದು ಭಾಗವಾಗುತ್ತದೆ. ಐದಾದರೆ 31, ಏಳಾದರೆ 127, ಇವು ಅವಿಭಾಜ್ಯ. ಸರಿ, ಎಣಿಕೆ ಅವಿಭಾಜ್ಯವಾಗಿದ್ದರೆ ಮೊತ್ತವೂ ಹಾಗೆಯೇ ಎಂದುಕೊಳ್ಳುವಷ್ಟರಲ್ಲಿ ಹನ್ನೊಂದು ಬಂದು ಕಾಲೆಳೆಯುತ್ತದೆ. ಹನ್ನೊಂದು ಸಂಖ್ಯೆಗಳ ಮೊತ್ತ 2047. ಅದು 23 ಮತ್ತು 89ರ ಗುಣಲಬ್ಧ.

ಚದುರಂಗದ ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುತ್ತಾ ಇಡುವ ಕಥೆ ನೀವು ಕೇಳಿರುತ್ತೀರಿ. ಅರವತ್ತನಾಲ್ಕು ಮನೆ ತುಂಬುವಷ್ಟರಲ್ಲಿ ರಾಜನ ಕಣಜವೇ ಬರಿದಾಗುತ್ತದೆ. ಆ ಮಣೆಗೆ ಇನ್ನು ಮೂರೇ ಮನೆ ಸೇರಿಸಿ ಅರವತ್ತೇಳು ಮಾಡಿ. ಆಗ ಆಗುವ ಒಟ್ಟು ಕಾಳುಗಳೇ ನಮ್ಮ ಇಪ್ಪತ್ತೊಂದು ಅಂಕಿಗಳ ಸಂಖ್ಯೆ.

1640ರಲ್ಲಿ ಫರ್ಮಾ ಮರ್ಸೆನ್‌ಗೆ ಒಂದು ಸುಂದರ ನಿಯಮವನ್ನು ಬರೆದು ಕಳುಹಿಸಿದ. ಕೂಡಿಸಿದ ಸಂಖ್ಯೆಗಳು 37 ಎಂದಿಟ್ಟುಕೊಳ್ಳಿ. ಮೊತ್ತ 1,37,43,89,53,471. ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಇದ್ದರೆ ಅದು 37ರ ಎರಡರಷ್ಟಾದ 74ರ ಮಗ್ಗಿಗೆ 1 ಸೇರಿಸಿದಾಗ ಬರುವ ಸಂಖ್ಯೆಗಳಲ್ಲೇ ಇರಬೇಕು: 75, 149, 223 ಹೀಗೆ. 75 ಅವಿಭಾಜ್ಯವಲ್ಲ, ಬಿಡಿ. 149ರಿಂದ ಭಾಗವಾಗುವುದಿಲ್ಲ. 223ರಿಂದ ಭಾಗವಾಗುತ್ತದೆ! ಇನ್ನೊಂದು ಭಾಗ 61,63,18,177. ಎರಡೇ ಭಾಗಾಕಾರದಲ್ಲಿ ಬೆಟ್ಟದಂಥ ಸಂಖ್ಯೆ ಬಿರುಕು ಬಿಟ್ಟಿತು. ಮೂರು ವರ್ಷದ ಮೇಲೆ 1,00,89,55,98,169 ಎಂಬ ಇನ್ನೊಂದು ಸಂಖ್ಯೆಯನ್ನು ಮರ್ಸೆನ್ ಮುಂದಿಟ್ಟಾಗ, ಅದು 8,98,423 ಮತ್ತು 1,12,303ರ ಗುಣಲಬ್ಧ ಎಂದು ಫರ್ಮಾ ಉತ್ತರಿಸಿದ.

ಇಂಥ ಉತ್ತರಗಳಿಂದ ಹುರುಪುಗೊಂಡ ಮರ್ಸೆನ್ 1644ರ ಗ್ರಂಥದ ಮುನ್ನುಡಿಯಲ್ಲಿ ಒಂದು ಪಟ್ಟಿ ಕೊಟ್ಟರು. ಇಮ್ಮಡಿಸುತ್ತಾ ಕೂಡಿಸುವ ಎಣಿಕೆ 2, 3, 5, 7, 13, 17, 19, 31, 67, 127, 257 ಆದಾಗ ಮೊತ್ತ ಅವಿಭಾಜ್ಯ. 257ರವರೆಗೆ ಬೇರೆ ಯಾವುದೂ ಇಲ್ಲ. ಅದೇ ಮುನ್ನುಡಿಯಲ್ಲಿ ಇನ್ನೊಂದು ಮಾತನ್ನೂ ಅವರು ಮುಚ್ಚಿಡಲಿಲ್ಲ: ಹದಿನೈದು ಇಪ್ಪತ್ತು ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಪರೀಕ್ಷಿಸಲು ಇರುವ ಕಾಲವೆಲ್ಲ ಸಾಲದು ಎಂದು. ಹಾಗಾದರೆ ಪಟ್ಟಿಯ ಕೊನೆಯ ಮೂರು ಸಂಖ್ಯೆಗಳನ್ನು ಅವರು ಪೂರ್ತಿ ಪರೀಕ್ಷಿಸಿರಲಾರರು. ಅದು ಊಹೆ. ಆದರೆ ಎಲ್ಲರೂ ಪರೀಕ್ಷಿಸಬಹುದಾದ ಹಾಗೆ ಬಹಿರಂಗವಾಗಿ ಇಟ್ಟ ಊಹೆ. ಎಣಿಸದೆ ಬರೆದ ಐವತ್ತು ಸಾವಿರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಕೊನೆಯ ದಿನಗಳು

ಅದೇ 1644ರ ಕೊನೆಗೆ ಮರ್ಸೆನ್ ಇಟಲಿಗೆ ಹೋದರು. ಪಾದರಸ ತುಂಬಿದ ಗಾಜಿನ ಕೊಳವೆಯಿಂದ ಟಾರಿಸೆಲ್ಲಿ ಮಾಡಿದ ಪ್ರಯೋಗದ ಸುದ್ದಿಯನ್ನು ಫ್ರಾನ್ಸಿನಲ್ಲಿ ಹಬ್ಬಿಸಿದರು. ಆ ಸುದ್ದಿಯ ಬೆನ್ನು ಹತ್ತಿದ ಪಾಸ್ಕಲ್, ಬೆಟ್ಟ ಹತ್ತಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ ಎಂಬುದನ್ನು 1648ರ ಸೆಪ್ಟೆಂಬರ್ 19ರಂದು ತನ್ನ ಭಾವನ ಮೂಲಕ ತೋರಿಸಿಕೊಟ್ಟ.

ಆ ಸುದ್ದಿ ಕೇಳಲು ಮರ್ಸೆನ್ ಇರಲಿಲ್ಲ. ಹದಿನೆಂಟು ದಿನ ಮುಂಚೆ, ಸೆಪ್ಟೆಂಬರ್ 1ರಂದು, ಎದೆಯೊಳಗಿನ ಕೀವಿನ ಬಾವಿನಿಂದ ಅವರು ತೀರಿಕೊಂಡಿದ್ದರು. ಅರವತ್ತು ತುಂಬಲು ಒಂದು ವಾರ ಉಳಿದಿತ್ತು. ಹತ್ತಿರವಿದ್ದವರು ಗೆಳೆಯರೂ ಗುರುಗಳೂ ಆದ ಗಾಸೆಂಡಿ. ತಮ್ಮ ಕಾಯಿಲೆಯ ಕಾರಣ ವೈದ್ಯರಿಗೆ ತಿಳಿದು ಮುಂದಿನವರಿಗೆ ಉಪಯೋಗವಾಗಲಿ ಎಂದು, ತಮ್ಮ ದೇಹವನ್ನು ಕೊಯ್ದು ನೋಡಲು ಅವರು ಮೊದಲೇ ಹೇಳಿಟ್ಟಿದ್ದರು. ಸತ್ತ ಮೇಲೂ ಹಂಚಿಕೊಳ್ಳುವುದನ್ನು ಅವರು ಬಿಡಲಿಲ್ಲ. ಅವರ ಕೋಣೆಯಲ್ಲಿ 78 ಮಂದಿಯಿಂದ ಬಂದ ಪತ್ರಗಳು ಸಿಕ್ಕವು.

ಪಟ್ಟಿ ತಿದ್ದಿದವರು

ಗುರುಗಳು ಹೋದರು, ಅವರ ಪಟ್ಟಿ ಉಳಿಯಿತು. 31ರದು ಸರಿ ಎಂದು 1772ರಲ್ಲಿ ಆಯ್ಲರ್ ತೋರಿಸಿದ. 1876ರಲ್ಲಿ ಫ್ರಾನ್ಸಿನ ಲೂಕಾ ಎಂಬ ಗಣಿತಜ್ಞ ಹೊಸದೊಂದು ಪರೀಕ್ಷೆ ಕಂಡುಹಿಡಿದ. 127ರದು ಸರಿ, 67ರದು ತಪ್ಪು ಎಂದು ಅದರಿಂದ ತಿಳಿಯಿತು. ಆದರೆ ನಮ್ಮ ಸಂಖ್ಯೆಯನ್ನು ಭಾಗಿಸುವುದು ಯಾವುದು ಎಂದು ಆ ಪರೀಕ್ಷೆ ಹೇಳುವುದಿಲ್ಲ. ಕೊಡ ಸೋರುತ್ತಿದೆ ಎಂದು ಗೊತ್ತಾಯಿತು, ತೂತು ಎಲ್ಲಿದೆ ಎಂದು ಗೊತ್ತಾಗಲಿಲ್ಲ.

1883ರಲ್ಲಿ ರಷ್ಯಾದ ಪೆರ್ವುಶಿನ್, ಮರ್ಸೆನ್ ಬಿಟ್ಟುಬಿಟ್ಟಿದ್ದ 61ರ ಮೊತ್ತವೂ ಅವಿಭಾಜ್ಯ ಎಂದು ತೋರಿಸಿದರು. ಅದು ಹತ್ತೊಂಬತ್ತು ಅಂಕಿಗಳ ಸಂಖ್ಯೆ. ಈ ಪೆರ್ವುಶಿನ್ ಯಾರು ಗೊತ್ತೇ? ಅವರೂ ಒಬ್ಬ ಗುರುಗಳು, ಆರ್ಥೊಡಾಕ್ಸ್ ಧರ್ಮಸಭೆಯವರು. ಒಬ್ಬ ಗುರು ಬಿಟ್ಟದ್ದನ್ನು ಇನ್ನೊಬ್ಬ ಗುರು ತುಂಬಿದರು. ಪಟ್ಟಿಯಲ್ಲಿದ್ದ 67 ಬಹುಶಃ 61ರ ಅಚ್ಚಿನ ತಪ್ಪಿರಬಹುದು ಎಂದು ಊಹಿಸುವವರೂ ಇದ್ದಾರೆ.

ಕೊನೆಗೆ 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕರ ಸರದಿ ಬಂತು. ಅವರು ಒಂದು ಮಾತೂ ಆಡದೆ ಕಪ್ಪು ಹಲಗೆಯ ಮೇಲೆ ನಮ್ಮ ಇಪ್ಪತ್ತೊಂದು ಅಂಕಿಗಳ ಸಂಖ್ಯೆಯನ್ನು ಲೆಕ್ಕ ಹಾಕಿ ಬರೆದರು, ಪಕ್ಕದಲ್ಲಿ 19,37,07,721ನ್ನು 7,61,83,82,57,287ರಿಂದ ಗುಣಿಸಿದರು, ಎರಡೂ ಕಡೆ ಉತ್ತರ ಒಂದೇ ಬಂತು, ಮೌನವಾಗಿ ಹೋಗಿ ಕುಳಿತರು, ಸಭೆ ಚಪ್ಪಾಳೆ ತಟ್ಟಿತು ಎಂದು ಗಣಿತದವರು ಹೇಳಿಕೊಂಡು ಬಂದಿದ್ದಾರೆ. ಇದಕ್ಕೆ ಅವರು ಮೂರು ವರ್ಷದ ಭಾನುವಾರಗಳನ್ನು ಕೊಟ್ಟಿದ್ದರಂತೆ.

ಫರ್ಮಾ ಹೇಳಿದ ನಿಯಮ ಇಲ್ಲಿಯೂ ನಡೆಯುತ್ತದೆ. 67ರ ಎರಡರಷ್ಟು 134. 134ರ ಮಗ್ಗಿಗೆ 1 ಸೇರಿಸುತ್ತಾ ಹೋದರೆ 14,45,580ನೇ ಮೆಟ್ಟಿಲಿನಲ್ಲಿ 19,37,07,721 ಸಿಗುತ್ತದೆ. 37ರದಕ್ಕೆ ಮೂರನೇ ಮೆಟ್ಟಿಲಿಗೇ ಬಾಗಿಲು ತೆರೆದಿತ್ತು. ಇಲ್ಲಿ ಹದಿನಾಲ್ಕು ಲಕ್ಷ ಮೆಟ್ಟಿಲು! ಮರ್ಸೆನ್ ಕಾಲದಲ್ಲಿ ಕೈಯಲ್ಲಿ ಲೆಕ್ಕ ಹಾಕುವವರಿಗೆ ಅದು ಎಟುಕದೆ ಹೋದದ್ದರಲ್ಲಿ ಆಶ್ಚರ್ಯವೇನು?

ಮುಂದೆ 257ರದೂ ತಪ್ಪೆಂದು ತಿಳಿಯಿತು. 89 ಮತ್ತು 107 ಬಿಟ್ಟುಹೋಗಿದ್ದವು ಎಂದೂ ಗೊತ್ತಾಯಿತು. ಹನ್ನೊಂದರ ಪಟ್ಟಿಯಲ್ಲಿ ಎರಡು ತಪ್ಪು, ಮೂರು ಬಿಟ್ಟುಹೋದವು. ಪಟ್ಟಿಯನ್ನು ಪೂರ್ತಿ ಪರೀಕ್ಷಿಸಿ ಮುಗಿದದ್ದು 1947ರಲ್ಲಿ. ಆದರೆ ಹುಡುಕಾಟ ನಿಲ್ಲಲಿಲ್ಲ. 2024ರ ಅಕ್ಟೋಬರಿನಲ್ಲಿ ಕಂಪ್ಯೂಟರುಗಳ ನೆರವಿನಿಂದ ಸಿಕ್ಕಿದ, ಅಲ್ಲಿಯವರೆಗೆ ತಿಳಿದವುಗಳಲ್ಲೇ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಕೂಡ ಇದೇ ಜಾತಿಯದು. ಅದರಲ್ಲಿ 4,10,24,320 ಅಂಕಿಗಳಿವೆ. ಅದರ ಹೆಸರೂ ಮರ್ಸೆನ್ ಸಂಖ್ಯೆ.

ನಮಗೇನು ಪಾಠ?

ಪ್ರಿಯ ಓದುಗರೇ, ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಪಟ್ಟಿಯಲ್ಲಿ ತಪ್ಪಿದ್ದರೂ ಹೆಸರು ಉಳಿದದ್ದು ಏಕೆ? ಮರ್ಸೆನ್ ತಮಗೆ ತಿಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಮುಂದಿನವರು ನೋಡಲಿ, ತಪ್ಪಿದ್ದರೆ ತಿದ್ದಲಿ ಎಂದು ಬೆಳಕಿನಲ್ಲಿಟ್ಟರು. ಆ ಪಟ್ಟಿ ಇಲ್ಲದಿದ್ದರೆ ಲೂಕಾ, ಪೆರ್ವುಶಿನ್, ಕೋಲ್ ಹುಡುಕಿದ್ದಾದರೂ ಏನನ್ನು? ಬೆಳಕಿನಲ್ಲಿಟ್ಟ ತಪ್ಪಿನಿಂದ ಮೂರು ಶತಮಾನಗಳ ಕೆಲಸ ಹುಟ್ಟಿತು. ಕತ್ತಲಲ್ಲಿ ಬಚ್ಚಿಟ್ಟ ಸರಿಯಾದ ಉತ್ತರದಿಂದ ಯಾರಿಗೂ ಏನೂ ಹುಟ್ಟುವುದಿಲ್ಲ.

ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ನೋಡಿ. ಮಗು ಲೆಕ್ಕ ತಪ್ಪು ಮಾಡಿದರೆ ಪುಸ್ತಕ ಬಚ್ಚಿಡುತ್ತದೆ, ಏಕೆಂದರೆ ಬೈಗುಳದ ಭಯ. ದೊಡ್ಡವರಾದ ನಾವೂ ಒಮ್ಮೆ ಆಡಿದ ಮಾತು ತಪ್ಪೆಂದು ತಿಳಿದ ಮೇಲೂ ಅದನ್ನೇ ಹಿಡಿದು ಜಗ್ಗುತ್ತೇವೆ. ಎಲ್ಲರಿಗಿಂತ ಕಿರಿಯರು ಎಂಬ ಹೆಸರಿನ ಸಭೆಯಲ್ಲಿ ಬಾಳಿದ ಈ ಗುರುಗಳಿಗೆ ತಾವೇ ಗೆಲ್ಲಬೇಕೆಂಬ ಹಟವಿರಲಿಲ್ಲ. ಸತ್ಯ ಹೊರಬಂದರೆ ಸಾಕಾಗಿತ್ತು. ಇಂದು ರಾತ್ರಿ ಊಟದ ನಂತರ ಮಕ್ಕಳೊಡನೆ ಕುಳಿತು 1, 2, 4, 8 ಎಂದು ಇಮ್ಮಡಿಸುತ್ತಾ ಕೂಡಿಸಿ ನೋಡಿ. ಎಲ್ಲಾದರೂ ಲೆಕ್ಕ ತಪ್ಪಿದರೆ ಬೈಯಬೇಡಿ. ಎಲ್ಲಿ ತಪ್ಪಿತು ಎಂದು ಜೊತೆಗೂಡಿ ಹುಡುಕಿ.